ಹದಿನೇಳು ಕಡಿಮೆ

ಮಾರ್ಚ್ 9, ಭಾನುವಾರ, ಬೆಳಿಗ್ಗೆ 10.40. ಶರಣಮ್ಮಕ್ಕನ ಲ್ಯಾಪ್‌ಟಾಪ್ ಬಿಚ್ಚಿದ್ದು ಆಗ. ನಾನು ಅವರಿಗೆ ಸುಳ್ಳು ಹೇಳಿದೆ. ಅದಕ್ಕೂ ಮೊದಲು ನನ್ನ ಡೈರಿಯಲ್ಲೇ ಸುಳ್ಳು ಬರೆದೆ.

ಅಕ್ಕ ನಾಚಾರಂ ಬಡಾವಣೆಯಲ್ಲಿ ನಮ್ಮ ಎದುರು ಮನೆಯವರು, ಲಿಂಗಸುಗೂರು ಕಡೆಯವರು. ಗಂಡ ತೀರಿಕೊಂಡು ಆಗ ಐದು ತಿಂಗಳು. ಲ್ಯಾಪ್‌ಟಾಪ್ ಗಂಡನದ್ದೇ. ತೆರೆದುಕೊಳ್ಳಲು ಏಳು ನಿಮಿಷ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ವೇಗದ ಹೊಸ ಡಿಸ್ಕ್, ಎಸ್‌ಎಸ್‌ಡಿ, ಹಾಕುತ್ತೇನೆಂದು ನಾನೇ ಮುಂದಾದೆ.

"ಹುಷಾರಪಾ, ಅವರು ಮಗಳಿಗೆ ಹೇಳಿದ ಕತಿ ಅದರಾಗ ಅದಾವ, ಅವರ ದನಿಯಾಗ," ಎಂದಿದ್ದರು ಅಕ್ಕ.

ನಕಲು ಮಾಡುವ ಮೊದಲು ಫೈಲುಗಳ ಎಣಿಕೆ, ಆದ ಮೇಲೆ ಎಣಿಕೆ, ಎರಡೂ ಡೈರಿಯಲ್ಲಿ ಅಕ್ಕಪಕ್ಕ—ಇದು ನನ್ನ ಪದ್ಧತಿ. ಮೊದಲು 4,312. ಆಮೇಲೆ 4,295. ಡಿಸ್ಕ್‌ನೊಳಗಿಂದ ಟಕ್, ಟಕ್ ಸದ್ದು. ಅದರ ಅರ್ಥ ಗೊತ್ತಿತ್ತು—ಅಲ್ಲಿಗೇ ನಿಲ್ಲಿಸಿ, ಕೆಟ್ಟ ಡಿಸ್ಕ್‌ನಿಂದ ಫೈಲು ತೆಗೆಯಬಲ್ಲವರ ಕೈಗೆ ಕೊಡಬೇಕಿತ್ತು. ಲೆಕ್ಕ ಹೊಂದಲಿಲ್ಲವೆಂಬ ಹಟಕ್ಕೆ ಮತ್ತೆ ಮೂರು ಸಲ ಓಡಿಸಿದೆ. ಮೂರನೆಯ ಸಲ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಡೈರಿಯಲ್ಲಿ 4,312 ಅನ್ನು ತಿದ್ದಿ 4,295 ಮಾಡಿದೆ.

"ಎಲ್ಲಾ ಬಂದೈತಿ ಅಕ್ಕ."

ಹದಿನಾಲ್ಕು ಸೆಕೆಂಡಿನಲ್ಲಿ ತೆರೆದುಕೊಂಡಿತು. "ಲೆಕ್ಕದ ಮಾಸ್ತರ, ಕುಂಟ ಕತ್ತಿ ಇದ್ದದ್ದು ಕುದುರಿ ಮಾಡಿದೆಲ್ಲೋ," ಎಂದು ನಕ್ಕರು.

ಹಳೆಯ ಡಿಸ್ಕ್ ಕಣ್ಣೆದುರು ಇರಬಾರದೆನಿಸಿತು. ಸುಲ್ತಾನ್ ಬಜಾರ್ ಬಳಿಯ ಗುಜರಿಯವನಿಗೆ ಕೊಟ್ಟುಬಿಟ್ಟೆ.

ಜೂನ್ 14, ಸಂಜೆ 6.15. ಅಕ್ಕ ಲ್ಯಾಪ್‌ಟಾಪ್ ಹಿಡಿದು ಬಂದರು. "ಅಪ್ಪನ ಕತಿ ಹಚ್ಚು ಅಂತಾಳ ಕೂಸು. ಎಲ್ಲಿ ಅದಾವ, ತೋರಸು." ಬಾರದೆ ಹೋದ ಹದಿನೇಳು ಫೈಲು ಅವೇ ಎಂದು ಗೊತ್ತಿದ್ದೂ ನಾನು ಹುಡುಕಿದಂತೆ ಮಾಡಿದೆ. ಆಮೇಲೆ—

"ಇದರಾಗ ಇರಲೇ ಇಲ್ಲ ಅಕ್ಕ. ಅಣ್ಣ ರೆಕಾರ್ಡೇ ಮಾಡಿಲ್ಲ ಅನಸ್ತೈತಿ."

ಅಕ್ಕ ಪರದೆಯತ್ತ ಬಾಗಿದರು. "ನಾನ ಬಾಗಲದಾಗ ನಿಂತು ಕೇಳೀನಲ್ಲೋ... ನನ್ನ ತಲೀನ ಕೆಟ್ಟೈತೇನು?"

ನಾನು ಇಲ್ಲ ಅನ್ನಲಿಲ್ಲ.

ಅಂದಿನಿಂದ ಅವರು ತಮ್ಮ ನೆನಪನ್ನೇ ನಂಬುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತಾರೆ. ಕಳೆದ ವಾರ ಹನ್ನೊಂದು ಸಲ—ಕಿಟಕಿಯಲ್ಲಿ ನಿಂತು ಎಣಿಸಿದ್ದೇನೆ. ಮೊನ್ನೆ ಮಗಳನ್ನು ಕೇಳುತ್ತಿದ್ದರು: "ನಿಮ್ಮಪ್ಪ ಕತಿ ಹೇಳ್ತಿದ್ರು, ಹೌದಿಲ್ಲೋ?"

ಇಂದು ಡೈರಿಯ ಆ ಪುಟ ಹಿಡಿದು ಅವರ ಬಾಗಿಲಿಗೆ ಹೋಗುತ್ತೇನೆ. ಅವರು ಏನು ಹೇಳಿದರೂ—

ಆ ಡಿಸ್ಕ್ ಮೇಲೆ ನಾನು ಅಂಟಿಸಿದ ಬಿಳಿ ಪಟ್ಟಿಯಿದೆ, ನೀಲಿ ಶಾಯಿಯಲ್ಲಿ '9 ಮಾರ್ಚ್—4,312' ಎಂದಿದೆ. ಅಲ್ಲಿ ಮಾತ್ರ ಅಂಕಿ ತಿದ್ದಿಲ್ಲ. ಯಾರ ಕೈಗಾದರೂ ಅದು ಬಂದಿದ್ದರೆ, ಎಲ್ಲಾದರೂ ಕಂಡಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ದಯವಿಟ್ಟು ಅದನ್ನು ಚಾಲೂ ಮಾಡಿ ನೋಡಬೇಡಿ.