ಸಮಾಧಿ ಮೇಲಿನ ಪೋನಿಟೇಲ್ ಪಾಮ್

ಕೊರೋನಾ ಮುಗಿದು ಎರಡು ಮಳೆಗಾಲ ಕಳೆದಿತ್ತು. ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದೆ. ಈಗಲೂ ಅಲ್ಲೇ ಇದ್ದೇನೆ. ಗಿಡ ಮಾರುವುದು, ಪಾಟ್ ಬದಲಿಸುವುದು, ಕರೆದ ಕಡೆ ಹೋಗಿ ಕಾಯಿಲೆ ಬಿದ್ದ ಗಿಡ ನೋಡುವುದು, ಇಷ್ಟೇ ನನ್ನ ಕೆಲಸ. ಓದಿದ್ದು ಎಂಟನೇ ಕ್ಲಾಸು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಮೊದಲು ಗಿಡದ ವಿಷಯ. ಹೆಸರು ಪೋನಿಟೇಲ್ ಪಾಮ್ ಆದರೂ ಅದು ತೆಂಗು, ಈಚಲಿನ ಜಾತಿಯಲ್ಲ. ಕತ್ತಾಳೆಗೆ ನೆಂಟ. ಬುಡದಲ್ಲಿ ಆನೆ ಪಾದದಂಥ ದಪ್ಪ ಗಡ್ಡೆ, ಮೇಲೆ ಜುಟ್ಟು ಬಿಚ್ಚಿದ ಹಾಗೆ ಉದ್ದನೆಯ ಸಣ್ಣ ಎಲೆ. ನೀರನ್ನು ಆ ಗಡ್ಡೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಬಿಸಿಲು ಬೇಕು, ನೀರು ನಿಲ್ಲದ ಮರಳು ಮಣ್ಣು ಬೇಕು. ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು ಹಾಕಬೇಕು. ಗಡ್ಡೆ ಸುಕ್ಕಾದರೆ ಬಾಯಾರಿದೆ ಅಂತ. ಮೆತ್ತಗಾದರೆ ಕೊಳೆಯುತ್ತಿದೆ ಅಂತ. ಎಲೆಯ ತುದಿ ಕಂದಾಗುವುದು ಎರಡರಲ್ಲೂ ಇರುತ್ತದೆ. ಜನ ಮೋಸ ಹೋಗುವುದು ಅಲ್ಲೇ.

ಮಂಜು ಹೆಚ್ಚುಕಮ್ಮಿ ನನ್ನ ವಯಸ್ಸಿನವನು. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಮರಳೂರಿನಲ್ಲಿ ರೂಮು. ಒಂದು ದಿನ ಗಿಡ ಕೇಳಿಕೊಂಡು ನರ್ಸರಿಗೆ ಬಂದ.

"ನೀರ್ ಹಾಕಕ್ಕೆ ನಂಗ್ ನೆನಪಿರಲ್ಲ ಗುರು. ಹಾಕ್ದಿದ್ರೂ ಬದುಕೋ ಅಂಥದ್ದು ಏನಾರ ಐತಾ?"

ಪೋನಿಟೇಲ್ ಪಾಮ್ ತೋರಿಸಿದೆ. "ಇದುನ್ನ ಸಾಯಿಸ್ಬೇಕು ಅಂದ್ರೆ ನೀನು ಕಷ್ಟಪಡ್ಬೇಕು ಕಣೋ" ಅಂದೆ. ನಕ್ಕು, ಪಾಟನ್ನು ಬೈಕಿನ ಟ್ಯಾಂಕ್ ಮೇಲೆ ಇಟ್ಟುಕೊಂಡು ಹೋದ. ಆಮೇಲೆ ಎರಡು ಸಲ ಬಂದಿದ್ದ. ಗಿಡ ಚೆನ್ನಾಗಿದೆ, ನನಗಿಂತ ದಪ್ಪ ಆಗಿದೆ ಅಂದಿದ್ದ.

ಅವನು ಸತ್ತಿದ್ದು ನನಗೆ ಗೊತ್ತೇ ಇರಲಿಲ್ಲ. ಅವನ ತಾಯಿ ಗಂಗಮ್ಮ ನರ್ಸರಿಗೆ ಬಂದ ದಿನ ಗೊತ್ತಾಯಿತು. ಗುಬ್ಬಿ ಕಡೆಯವರು. ಶಿಫ್ಟ್ ಮುಗಿಸಿ ಬರುವಾಗ ಮಂಜುಗೆ ಲಾರಿ ಹೊಡೆಯಿತಂತೆ. ಗಿಡ ಎಲ್ಲಿ ತಂದಿದ್ದು ಅಂತ ರೂಮಿನ ಜೊತೆಗಾರನನ್ನು ಕೇಳಿ ತಿಳಿದುಕೊಂಡು, ಬಸ್ಸು ಹತ್ತಿ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಆ ಗಿಡದ ನಾಲ್ಕಾರು ಎಲೆ ಇತ್ತು. ಹಳದಿಯಾಗಿ ತುದಿ ಸುಟ್ಟಂತಾಗಿತ್ತು.

"ಏನಾರ ಮಾಡಪ್ಪ. ಇದೂ ಹೋದ್ರೆ ಅವನ್ದು ಅಂತ ಜೀವ ಇರೋದು ಒಂದೂ ಇರಲ್ಲ" ಅಂದರು.

ಮಾರನೇ ದಿನ ಬೈಕಿನಲ್ಲಿ ಅವರ ಊರಿಗೆ ಹೋದೆ. ತೆಂಗಿನ ತೋಟದ ಒಂದು ಮೂಲೆಯಲ್ಲಿ ಮಂಜುವಿನ ಸಮಾಧಿ. ಇನ್ನೂ ಕಟ್ಟಿಸಿರಲಿಲ್ಲ, ಬರೀ ಮಣ್ಣಿನ ದಿಬ್ಬ. ರೂಮಿನಿಂದ ತಂದ ಗಿಡವನ್ನು ಪಾಟಿನಿಂದ ತೆಗೆದು ತಲೆಯ ಕಡೆ ನೆಟ್ಟಿದ್ದರು. ನೆಟ್ಟವರು ಮಂಜುವಿನ ದೊಡ್ಡಪ್ಪ ರುದ್ರಪ್ಪ. ಆಯಸ್ಸೆಲ್ಲ ತೆಂಗು ಬೆಳೆಸಿದವರು. ತೆಂಗಿನ ಸಸಿಗೆ ಏನು ಮಾಡುತ್ತಾರೋ ಅದನ್ನೆಲ್ಲ ಇದಕ್ಕೂ ಮಾಡಿದ್ದರು. ಗುಂಡಿಗೆ ಉಪ್ಪು, ಮೇಲೆ ಕೆರೆ ಗೋಡು ಮಣ್ಣು, ಸುತ್ತ ನೀರು ನಿಲ್ಲಲು ಪಾತಿ. ಗಡ್ಡೆ ಅರ್ಧ ಹೂತುಹೋಗಿತ್ತು. ಗಂಗಮ್ಮ ದಿನಾ ಒಂದು ಕೊಡ ನೀರು ಹೊಯ್ಯುತ್ತಿದ್ದರು. ಎಲೆ ತುದಿ ಕಂದಾದಾಗ ಬಾಯಾರಿದೆ ಅಂದುಕೊಂಡು ಎರಡು ಕೊಡ ಹೊಯ್ದರು. ಅಮಾವಾಸ್ಯೆಗೆ ಬಂದ ನೆಂಟರು ಹಾಲು ಬಿಟ್ಟರು. ಯಾರೂ ಕೆಟ್ಟದ್ದು ಮಾಡಿರಲಿಲ್ಲ.

ಗಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಒಂದು ಕಡೆ ಬೆರಳು ಒಳಗೆ ಇಳಿಯಿತು. ಕೊಳೆತ ಈರುಳ್ಳಿ ವಾಸನೆ. ಇನ್ನೊಂದು ಕಡೆ ಗಟ್ಟಿ ಇತ್ತು. ಕಿತ್ತು, ಕೊಳೆತದ್ದನ್ನು ಕೊಯ್ದು ತೆಗೆದು, ಒಣಗಿಸಿದರೆ ಉಳಿಯಬಹುದು. ಇಲ್ಲೇ ಬಿಟ್ಟರೆ ಉಳಿಯುವುದಿಲ್ಲ. ಹಾಗೇ ಹೇಳಿದೆ.

ರುದ್ರಪ್ಪನವರಿಗೆ ಸಿಟ್ಟು ಬಂತು. "ಸಮಾಧಿ ಮಣ್ಣು ಕೆದಕ್ತೀನಿ ಅಂತೀಯೇನ್ಲಾ? ಮಲಗಿರೋನ್ನ ಯಾರಾದ್ರೂ ಎಬ್ಬುಸ್ತಾರಾ? ತೆಂಗು ನೆಟ್ಟು ನೆಟ್ಟು ಕೈ ಸವೆದವೆ ನಂದು. ಪಾಟಲ್ಲಿ ಗಿಡ ಮಾರೋನು ನಂಗ್ ಹೇಳ್ಕೊಡಕ್ ಬಂದವ್ನೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೂತ ಮೇಲೆ ಆ ಮಣ್ಣಿಗೆ ಗುದ್ದಲಿ ಹಾಕುವ ಪದ್ಧತಿ ನಮ್ಮ ಕಡೆ ಇಲ್ಲ. ಕುಣಿಗಲ್ ಹತ್ತಿರದ ನಮ್ಮ ಊರಲ್ಲಿ ನಮ್ಮ ಮನೆಯವರೇ ಆಗಿದ್ದರೂ ಒಪ್ಪುತ್ತಿರಲಿಲ್ಲ. ಕೈ ಒರೆಸಿಕೊಂಡು ಹಿಂದೆ ಸರಿದೆ. ಗಿಡ ಅವರದು, ಮಣ್ಣೂ ಅವರದು.

ಗಂಗಮ್ಮ ದಿಬ್ಬದ ಪಕ್ಕ ಕೂತಿದ್ದರು. ಎದ್ದು ಸೆರಗು ಸಿಕ್ಕಿಸಿಕೊಂಡರು.

"ಗುದ್ಲಿ ಬ್ಯಾಡ ಬುಡಿ ಬಾವ. ನಾನೇ ಕೈಲಿ ಬಗೀತೀನಿ. ತಾಯಿ ಮುಟ್ಟುದ್ರೆ ಅವನೇನೂ ಅನ್ನಲ್ಲ."

ಕೈಯಲ್ಲೇ ಬಗೆದರು. ಮಣ್ಣು ಮುದ್ದೆಯ ಹಾಗೆ ಅಂಟುತ್ತಿತ್ತು. ರುದ್ರಪ್ಪ ಮುಖ ತಿರುಗಿಸಿ ನಿಂತಿದ್ದರು. ಗಿಡ ಸಡಿಲವಾಗಿ ಮೇಲೆ ಬಂದಾಗ ಗಂಗಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ನಾನು ಚಾಕು ತೊಳೆದು ಒರೆಸಿ, ಕೊಳೆತ ಭಾಗ ಕೊಯ್ಯುತ್ತಾ ಹೋದೆ. ಕಂದು ಬಣ್ಣ ಹೋಗಿ ಬಿಳಿ ತಿರುಳು ಕಾಣುವವರೆಗೆ ಕೊಯ್ಯಬೇಕು, ಸ್ವಲ್ಪ ಉಳಿದರೂ ಮತ್ತೆ ಹರಡುತ್ತದೆ. ಮೂರರಲ್ಲಿ ಒಂದು ಪಾಲು ಗಡ್ಡೆ ಹೋಯಿತು. ಚಾಕು ಆಡುವಾಗಲೆಲ್ಲ ಆಕೆ ಕಣ್ಣು ಮುಚ್ಚುತ್ತಿದ್ದರು.

ಗಾಯ ಒಣಗಬೇಕು, ಗಿಡ ನರ್ಸರಿಗೆ ಒಯ್ಯುತ್ತೇನೆ, ಅಲ್ಲಿಗೆ ಬಂದರೂ ನೀರು ಮುಟ್ಟಿಸಲೇಬಾರದು, ನಾನು ಹೇಳುವವರೆಗೆ ಒಂದು ಲೋಟವೂ ಬೇಡ ಅಂದೆ.

ಆಕೆ ಮಣ್ಣಿನ ಕೈ ನೋಡಿಕೊಂಡು ಕೇಳಿದರು: "ನೀರೂ ಬಿಡಬ್ಯಾಡ ಅಂದ್ರೆ ನಾನು ಅವನಿಗೆ ಇನ್ನೇನ್ ಮಾಡ್ಲಪ್ಪ?"

ನಾನು ಗಿಡವನ್ನು ಗೋಣಿಚೀಲದಲ್ಲಿ ಸುತ್ತಿದೆ.

ಗಿಡವನ್ನು ನರ್ಸರಿಗೆ ತಂದೆ. ಕೊಯ್ದ ಜಾಗಕ್ಕೆ ಫಂಗಿಸೈಡ್ ಪುಡಿ ಹಚ್ಚಿ, ಗಾಯ ಒಣಗಿ ಬಿರುಸಾಗುವವರೆಗೆ ನೆರಳಲ್ಲಿ ಹಾಗೇ ಮಲಗಿಸಿದೆ. ಆಮೇಲೆ ತೂತಿರುವ ಮಣ್ಣಿನ ಕುಂಡದಲ್ಲಿ ಮರಳು, ಸಣ್ಣ ಜಲ್ಲಿ, ಸ್ವಲ್ಪ ಕೆಮ್ಮಣ್ಣು ಹಾಕಿ, ಗಡ್ಡೆ ಮೇಲೆ ಕಾಣುವ ಹಾಗೆ ಕೂರಿಸಿದೆ. ಎಷ್ಟೋ ವಾರ ಏನೂ ಆಗಲಿಲ್ಲ. ಇದ್ದ ಎಲೆಯೂ ಉದುರಿತು. ಹೋಯಿತು ಅಂತಲೇ ಅಂದುಕೊಂಡಿದ್ದೆ.

ಗಂಗಮ್ಮ ಮಾತ್ರ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಲೇ ಇದ್ದರು. ಮೊದಲ ಸಲ ಬ್ಯಾಗಿನಲ್ಲಿ ತೋಟದ ಬಾವಿಯ ನೀರು ಬಾಟಲಿಯಲ್ಲಿ ತಂದಿದ್ದರು. ನಾನು ಬೇಡ ಅಂತ ತಲೆ ಆಡಿಸಿದೆ. ಬಾಟಲಿಯನ್ನು ಹಾಗೇ ಒಳಗಿಟ್ಟರು. ಹೆಬ್ಬೆರಳಲ್ಲಿ ಗಡ್ಡೆ ಒತ್ತಿ ನೋಡುವುದನ್ನು ಹೇಳಿಕೊಟ್ಟೆ. ಆಮೇಲೆ ಬಂದಾಗೆಲ್ಲ ಅಷ್ಟೇ ಮಾಡುತ್ತಿದ್ದರು.

ಬೇಸಿಗೆ ಹೊತ್ತಿಗೆ ನಡುವಿನಿಂದ ಹಸಿರು ಎಲೆ ಹೊರಟಿತು. ಮನೆಗೆ ಒಯ್ಯಬಹುದು ಅಂತ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಆಕೆ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿದರು, ಮತ್ತೆ ಅಲ್ಲೇ ಇಟ್ಟರು.

"ಬ್ಯಾಡಪ್ಪ, ಇಲ್ಲೇ ಇರ್ಲಿ. ಎದುರಿಗಿದ್ರೆ ನನ್ ಕೈ ಸುಮ್ನಿರಲ್ಲ. ನೀರು ಹುಯ್ದೇ ಹುಯ್ತೀನಿ."

ದಿನಾ ನೀರು ಕೇಳುವ ದಾಸವಾಳದ ಗಿಡ ಕೊಡುತ್ತೇನೆ, ಸಮಾಧಿ ಹತ್ತಿರ ನೆಡಿ ಅಂದೆ. ಚೆನ್ನಾಗಿದೆ, ಆದರೆ ಅದು ಅವನದಲ್ಲವಲ್ಲ ಅಂದರು. ಖಾಲಿ ಕೈಯಲ್ಲಿ ಹೋದರು.

ಕಾಯಿಲೆ ಬಿದ್ದ ಗಿಡ ಉಳಿಸುವುದು ನನ್ನ ಕೆಲಸ, ಅದನ್ನು ಮಾಡುತ್ತೇನೆ. ಆದರೆ ಗಿಡ ಉಳಿದರೆ ಎಲ್ಲ ಸರಿಹೋಗುತ್ತದೆ ಅಂತ ಈಗ ಯಾರಿಗೂ ಹೇಳುವುದಿಲ್ಲ. ನೀರು ಜಾಸ್ತಿಯಾಗಿ ಕೊಳೆತ ಗಿಡ ಬಂದಾಗ, ನೀರು ಹೊಯ್ದವರು ಯಾರು ಅಂತ ಮೊದಲು ನೋಡುತ್ತೇನೆ. ಬೈಯುವುದು ಆಮೇಲೆ.

ಆ ಕುಂಡ ಇವತ್ತಿಗೂ ನಮ್ಮ ನರ್ಸರಿಯಲ್ಲಿದೆ. ಮಾರಾಟಕ್ಕಿಲ್ಲ. ಹೋದ ವಾರವೂ ಗಂಗಮ್ಮ ಬಂದಿದ್ದರು. ಕೂತು, ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಗಟ್ಟಿ ಅವ್ನೆ" ಅಂದು ಬಸ್ಸಿಗೆ ಹೋದರು.