ಹಿಟ್ನಾಳದಲ್ಲಿ ಇಳಿದ ಹೆಂಗಸು

ಶಕುನ, ಮೈಮೇಲೆ ಬರುವುದು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಭಯಕ್ಕಿಂತ ಸಿಟ್ಟೇ ಹೆಚ್ಚು.

ಗಂಗಾವತಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಅಕ್ಕನನ್ನು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಕೊಟ್ಟಿದೆ. ಅವಳಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ತೆಳುವಾಗಿಸುವ ಗುಳಿಗೆಯೂ ಸೇರಿತ್ತು. ಆ ದಿನ ಬೆಳಿಗ್ಗೆ ಅವಳನ್ನು ನೋಡಿಬರಲು ಕೊಪ್ಪಳದ ಬಸ್ಸು ಹತ್ತಿದೆ. ಆಚೆ ಸಾಲಿನಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು, ಕಾಲ ಬಳಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಹಿಟ್ನಾಳ ಬಂದಾಗ ಎದ್ದು ನನ್ನ ಪಕ್ಕ ನಿಂತಳು.

“ನಿಮ್ಮ ಅಕ್ಕಾರಿಗೆ ಕರ್ರಗ ಸಂಡಾಸ ಆಗಾಕತ್ತೈತಿ. ತಡಾ ಮಾಡಬ್ಯಾಡ್ರಿ.”

“ಯಾರ್ರಿ ನೀವು?” ಎಂದೆ. ತಿರುಗಿಯೂ ನೋಡದೆ ಇಳಿದುಹೋದಳು. ಗುರುತಿಲ್ಲದವಳ ಬಾಯಲ್ಲಿ ಮನೆಯ ಹೆಣ್ಣುಮಗಳ ಬಗ್ಗೆ ಇಂಥ ಮಾತು ಬಂದದ್ದಕ್ಕೆ ಮೈ ಉರಿಯಿತು.

ಹೋಗಿ ನೋಡಿದರೆ ಅಕ್ಕ ಮಂಚದ ಮೇಲೆ ಮಲಗಿದ್ದಳು. ಮುಖ ಬಿಳಿಚಿ, ಮೈಯೆಲ್ಲ ತಣ್ಣಗೆ ಬೆವತಿತ್ತು. ಅವಳ ಗಂಡ, ನಮ್ಮ ಮಾವ, ಮೊಬೈಲಿನಿಂದ ತಲೆ ಎತ್ತದೆ, “ಶುಗರ್ ಇಳದೈತಿ. ಸಕ್ಕರಿ ನೀರು ಕುಡಿಸೇನಿ, ಆರಾಮ ಆಕ್ಕಾಳ” ಎಂದರು.

ಸಂಕೋಚ ಬಿಟ್ಟು ಅಕ್ಕನನ್ನು ಕೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. “ನಿನಗ ಯಾರು ಹೇಳಿದ್ರು ತಮ್ಮಾ? ಡಾಂಬರಿನಂಗ ಹೊಂಟೈತಿ, ನಾಕೈದು ದಿನ ಆತು. ಹೊಟ್ಟಿ ನೋವಿಲ್ಲ. ಇಂಥಾದ್ದು ಯಾರ ಮುಂದ ಹೇಳ್ಲಿ?” ಗಂಡನಿಗೂ ಹೇಳಿರಲಿಲ್ಲ.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ನೋವಿನ ಗುಳಿಗೆ ನುಂಗುತ್ತಾರೆಯೇ ಎಂದು. ಮೊಣಕಾಲು ನೋವಿಗೆ ಔಷಧದ ಅಂಗಡಿಯವನು ಕೊಟ್ಟದ್ದನ್ನು ದಿನಾ ಎರಡು ಹೊತ್ತು ನುಂಗುತ್ತಾಳೆ ಎಂದರು ಮಾವ.

“ಹಳೇ ಸಕ್ಕರಿ ಕಾಯಿಲೆ, ಕಿಡ್ನಿನೂ ಸೋತಾವು. ರಕ್ತ ತೆಳು ಮಾಡೋ ಗುಳಿಗಿ ಮೊದಲ ಐತಿ. ಅದರ ಮ್ಯಾಲೆ ಇದನ್ನ ಯಾರು ಕೊಡ ಅಂದ್ರು? ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರಾಕತ್ತಿರಬೇಕು, ಅದಕ್ಕ ಕರ್ರಗ ಹೊಂಟೈತಿ. ಇಂಥವರಿಗೆ ಒಮ್ಮೊಮ್ಮೆ ನೋವೂ ಗೊತ್ತಾಗೂದಿಲ್ಲ,” ಎಂದು ಅವರು ರಿಪೋರ್ಟಿನಿಂದ ತಲೆ ಎತ್ತಿ ಮಾವನನ್ನೇ ನೋಡಿದರು. ಮಾವ ನೆಲ ನೋಡಿದರು.

ರಕ್ತ ಏರಿಸಿದರು. ಬಾಯಿಯಿಂದ ಹೊಟ್ಟೆಗೆ ಕ್ಯಾಮೆರಾ ಇಳಿಸಿ ಹುಣ್ಣು ಮುಚ್ಚಿದರು. ಅಕ್ಕ ಉಳಿದಳು. ನಾನು ನೇರ ಆ ಔಷಧದ ಅಂಗಡಿಗೆ ಹೋದೆ.

“ಸಕ್ಕರಿ ಐತಿ ಅಂತ ಅವರು ಹೇಳಲಿಲ್ರಿ,” ಎಂದ.

“ನೀ ಕೇಳಿದೇನು?”

ಅವನು ಮುಂದಿನ ಗಿರಾಕಿಗೆ ಅದೇ ಗುಳಿಗೆಯ ಪಟ್ಟಿ ಕತ್ತರಿಸಿ ಕೊಟ್ಟ. ಗಾಜಿನ ಕಪಾಟು ಒಡೆಯದೆ ಬಂದದ್ದೇ ಹೆಚ್ಚು.

ಆಮೇಲೆ ಹಿಟ್ನಾಳದಲ್ಲಿ ಆ ಹೆಂಗಸಿಗಾಗಿ ಮನೆ ಮನೆ ಹುಡುಕಿದೆ. ಯಾರಿಗೂ ಗೊತ್ತಿಲ್ಲ. ನನ್ನ ಭ್ರಮೆಯೇನೋ ಎಂದುಕೊಂಡರೆ ಆ ದಿನದ ಬಸ್ಸಿನ ಕಂಡಕ್ಟರನಿಗೆ ನೆನಪಿತ್ತು: “ಮೆಣಸಿನಕಾಯಿ ಚೀಲದಾಕಿ ಹೌದಲ್ರಿ? ಗಂಗಾವತ್ಯಾಗ ಹತ್ತಿದ್ಲು. ನಾನ ಟಿಕೆಟ್ ಕೊಟ್ಟೇನಿ.”

ಹಿಟ್ನಾಳದ ಹತ್ತಿರವೇ ಗುಡಿಯಿರುವ ದೇವಿ ಹುಲಿಗೆಮ್ಮನೇ ಬಂದಿದ್ದಳು ಎನ್ನುತ್ತಾರೆ ಓಣಿಯವರು. ಆ ಮಾತಿಗೆ ನನಗೆ ಇನ್ನಷ್ಟು ಸಿಟ್ಟು. ಅಷ್ಟೆಲ್ಲ ಗೊತ್ತಿದ್ದವಳು ಬಸ್ಸಿನಲ್ಲಿ ನನ್ನ ಹತ್ತಿರ ಯಾಕೆ ಬರಬೇಕಿತ್ತು, ಮೊದಲೇ ಅಕ್ಕನ ಬಾಗಿಲಿಗೆ ಹೋಗಿ ಕೇಳಬಾರದಿತ್ತೇ ಎಂದು ಒಮ್ಮೆ ಅಕ್ಕನ ಮುಂದೆಯೇ ಹೇಳಿದೆ.

ಅಕ್ಕ ಅಕ್ಕಿ ಆರಿಸುತ್ತಿದ್ದಳು. “ಬಂದು ಕೇಳಿದ್ರೂ,” ಎಂದಳು, “ಏನೂ ಇಲ್ರಿ, ಆರಾಮ ಅದೀನಿ ಅಂತಿದ್ದೆ.”