ಹಸಿರು ಚೌಕಳಿಯ ಕೊನೆಯ ಸುರುಳಿ

ಇಲಿ ಕಡಿದಿರಬಹುದಿತ್ತು. ಗುಂಡುಪಿನ್ನಿಗೆ ತುಕ್ಕು ಹಿಡಿದು ಪದರ ಪದರಕ್ಕೂ ಕಂದು ಚುಕ್ಕೆ ಇಳಿದಿರಬಹುದಿತ್ತು. ಮಳೆಗಾಲದ ಗೋಡೆಯ ತೇವ ಕುಡಿದು ಬೂಷ್ಟು ಹಿಡಿದಿರಬಹುದಿತ್ತು. ಒಗೆದಾಗ ಬಣ್ಣ ಬಿಟ್ಟು, ಬಿಳಿ ಕೌದಿಯೆಲ್ಲ ಪಾಚಿಗಟ್ಟಿದ ಹಲಸೂರು ಕೆರೆಯಂತಾಗಬಹುದಿತ್ತು. ಯಾವುದೋ ಭಾನುವಾರ ನಮ್ಮ ಯಜಮಾನರು ಸ್ಕೂಟರ್ ಒರೆಸಲು ಅದನ್ನೇ ಎತ್ತಿಕೊಂಡು ಹೋಗಿರಬಹುದಿತ್ತು. ಇವೆಲ್ಲ ತಪ್ಪಿದರೂ ಕೊನೆಗೆ ಉದ್ದವೇ ಸಾಲದೆ ಹೋಗಬಹುದಿತ್ತು.

ನಾನು ಇಷ್ಟೆಲ್ಲ ತಲೆ ಕೆಡಿಸಿಕೊಂಡದ್ದು ಒಂದು ಬಟ್ಟೆಪಟ್ಟಿಯ ಸುರುಳಿಗಾಗಿ. ಕೌದಿ ಹೊಲಿದ ಮೇಲೆ ಅದರ ನಾಲ್ಕು ಬದಿಯನ್ನೂ ಮುಚ್ಚಿ ಹೊಲಿಯುವ ಅಂಚುಪಟ್ಟಿ ಅದು. ಅಮ್ಮ ತೀರಿಕೊಂಡ ಮೇಲೆ ಅವಳ ಹಸಿರು ಚೌಕಳಿಯ ನೂಲಿನ ಸೀರೆಯನ್ನು ನಾನೇ ಕತ್ತರಿಸಿ ಪಟ್ಟಿ ಮಾಡಿಟ್ಟಿದ್ದೆ. ಹುಟ್ಟಿದ ಕೂಸಿನ ಮೈಗೆ ಹೊಸ ಬಟ್ಟೆ ತಾಗಿಸಬಾರದು, ಮನೆಯ ಹಿರಿಯಳು ಉಟ್ಟು ಉಟ್ಟು ಮೆತ್ತಗಾದದ್ದೇ ಮೊದಲು ತಾಗಬೇಕು ಎಂಬುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಹಾಗಾಗಿ ನಮ್ಮ ಕಡೆ ಯಾವ ಮಗು ಹುಟ್ಟಿದರೂ ಅದರ ತೊಟ್ಟಿಲ ಕೌದಿಗೆ ಅಮ್ಮನ ಸೀರೆಯದೇ ಅಂಚು. ಒಂದೊಂದು ಮಗುವಿಗೆ ಒಂದೊಂದು ಸುರುಳಿ ಖರ್ಚಾಗುತ್ತಾ ಬಂದು ಈಗ ಒಂದೇ ಉಳಿದಿತ್ತು. ಅಷ್ಟರಲ್ಲಿ ಅಕ್ಕನ ಮಗಳಿಗೆ ಹೆಣ್ಣು ಮಗುವಾಯಿತು. ಭಾನುವಾರ ಕೆ.ಆರ್. ಪುರದ ಅಕ್ಕನ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ.

"ಬೆಳ್ಳಿ ಲೋಟ, ಉಡುದಾರ ಯಾರಾದ್ರೂ ತರ್ತಾರೆ ಕಣೇ," ಎಂದಳು ಅಕ್ಕ ಫೋನಿನಲ್ಲಿ. "ಅಮ್ಮನ ಅಂಚು ಮಾತ್ರ ನಿನ್ನಿಂದಾನೇ ಬರ್ಬೇಕು. ಇದೆ ತಾನೆ?"

"ಇದೆ," ಎಂದೆ. ಇದೆ ಎಂದ ಮರುಕ್ಷಣವೇ ಇಲ್ಲವೇನೋ ಅನ್ನಿಸುವುದು ನನ್ನ ಹುಟ್ಟುಗುಣ. ಫೋನು ಇಟ್ಟವಳೇ ಹೊಲಿಗೆ ಕೋಣೆಗೆ ಓಡಿದೆ.

ಕಾಕ್ಸ್‌ಟೌನಿನ ನಮ್ಮ ಫ್ಲ್ಯಾಟಿನಲ್ಲಿ ಬಿಲ್ಡರ್ 'ಸ್ಟಡಿ' ಎಂದು ತೋರಿಸಿದ್ದ ಕೋಣೆ ಅದು. ಅಲ್ಲಿ ಓದಲು ಕುಳಿತರೆ ಮೊಣಕಾಲು ಗೋಡೆಗೆ ತಾಗುತ್ತದೆ. ಹೊಲಿಯಲು ಕುಳಿತರೂ ತಾಗುತ್ತದೆ, ಆದರೆ ಹೊಲಿಯುವವರು ದೂರುವುದಿಲ್ಲ. ಪಟ್ಟಿಗಳನ್ನು ಜೋಡಿಸಿಡುವ ವಿದ್ಯೆಯನ್ನು ನಾನು ಅಲ್ಲಿ ಕೆಟ್ಟು ಕೆಟ್ಟೇ ಕಲಿತದ್ದು. ಮೊದಲು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿದೆ, ಒಂದನ್ನು ಎಳೆದರೆ ಎಲ್ಲವೂ ಶಾವಿಗೆಯಂತೆ ಎದ್ದು ಬಂದವು. ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದೆ, ಒಳಗೇ ಬೆವತು ಮುಗ್ಗಲು ವಾಸನೆ ಹೊಡೆದವು. ಸುತ್ತಿ ಪಿನ್ನು ಚುಚ್ಚಿದೆ, ತುಕ್ಕಿನ ಕಲೆಗೆ ಒಳ್ಳೆಯ ಮೆರೂನ್ ಪಟ್ಟಿಯೊಂದು ಆಹುತಿಯಾಯಿತು. ಆವತ್ತೇ ಹಟ ಹಿಡಿದೆ. ಈ ಕೋಣೆಯಲ್ಲಿ ಇನ್ನು ಒಂದು ಗೇಣು ಪಟ್ಟಿಯೂ ಹಾಳಾಗಕೂಡದು.

ಶಿವಾಜಿನಗರದ ಬಟ್ಟೆ ಅಂಗಡಿಗೆ ಹೋಗಿ, ಬಟ್ಟೆಯ ಥಾನು ಸುತ್ತಿ ಬರುವ ಖಾಲಿ ರಟ್ಟುಗಳನ್ನು ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅರೆ ಮೇಡಂ, ಬಟ್ಟೆ ಬಿಟ್ಟು ರಟ್ಟು ತಗೊಂಡು ಹೋಗೋರು ನೀವೊಬ್ರೇ ನೋಡಿ." ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಪ್ರತಿ ಪಟ್ಟಿಯನ್ನೂ ಇಸ್ತ್ರಿ ಮಾಡಿ ಸುತ್ತಿ, ತುದಿಗೆ ಪಿನ್ನಿನ ಬದಲು ಒಂದು ಸಡಿಲ ಹೊಲಿಗೆ ಹಾಕಿದೆ. ಬಣ್ಣದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುನಡುವೆ ಹುಳಕ್ಕೆಂದು ಬಜೆ ತುಂಡು ಇಟ್ಟು, ಮೇಲೆ ಹಳೆಯ ಪಂಚೆ ಹೊದಿಸಿದೆ.

ಉಳಿದದ್ದು ಗುರುತಿನ ಸಮಸ್ಯೆ. ಯಾವುದು ಯಾರ ಸೀರೆಯದು ಎಂದು ಚೀಟಿ ಅಂಟಿಸಿದರೆ ಉದುರುತ್ತದೆ, ಸ್ಕೆಚ್ ಪೆನ್ನು ಹಬ್ಬುತ್ತದೆ. ನಮ್ಮ ಬೀದಿಯ ಇಸ್ತ್ರಿ ಗಾಡಿಯವರ ಹತ್ತಿರ ಬಟ್ಟೆಗೆ ಗುರುತು ಹಾಕುವ ಮಸಿ ಇತ್ತು. ಕೇಳಿದೆ. "ಯೋಚ್ನೆ ಮಾಡಿ ಹಾಕಿ ಮೇಡಂ. ಬಟ್ಟೆ ಹೋದ್ರೂ ಇದು ಹೋಗಲ್ಲ," ಎಂದರು. ನನಗೆ ಬೇಕಿದ್ದದ್ದೂ ಅದೇ.

ಶೆಲ್ಫಿನಲ್ಲಿ ಕಣ್ಣಿಗೆ ಬೀಳಲೆಂದು ಪ್ರತಿ ಪಟ್ಟಿಯ ಹೊರತುದಿಯಲ್ಲಿ, ಬಟ್ಟೆಯ ಒಳ್ಳೇ ಮಗ್ಗುಲಿಗೇ, ಗುರುತು ಹಾಕಿದೆ. ಹೊಲಿದು ಮುಗಿಸುವಾಗ ಆ ತುದಿಯನ್ನು ಹೇಗೂ ಕತ್ತರಿಸಿ ಬಿಸಾಡುತ್ತೇವಲ್ಲ. ಅಮ್ಮನ ಪಟ್ಟಿಗೆ ಒಂದು ಗೆರೆ, ಪಕ್ಕದಲ್ಲಿ ಮೂರು ಚುಕ್ಕೆ. ನಾವು ಚಿಕ್ಕವರಿದ್ದಾಗ ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಎಲ್ಲರ ಮನೆಯಲ್ಲೂ ಅದೇ ಖಾಕಿ ಅಂಗಿ. ಅದಲುಬದಲಾಗದಿರಲೆಂದು ಧೋಬಿ ನಮ್ಮ ಮನೆಯ ಬಟ್ಟೆಗಳಿಗೆ ಹಾಕುತ್ತಿದ್ದ ಗುರುತು ಅದು.

ಅಂದು ಅಕ್ಕನ ಫೋನು ಇಟ್ಟು ಓಡಿಬಂದು ಶೆಲ್ಫಿನ ಪಂಚೆ ಸರಿಸಿದಾಗ ಸುರುಳಿ ಇಟ್ಟಲ್ಲೇ ಇತ್ತು. ಹುಳವಿಲ್ಲ, ಕಲೆಯಿಲ್ಲ. ಉಪ್ಪುನೀರಿನಲ್ಲಿ ನೆನೆಸಿದೆ, ಬಣ್ಣ ಬಿಡಲಿಲ್ಲ. ಉಳಿದದ್ದು ಉದ್ದದ ಚಿಂತೆ. ಮಗುವಿಗೆಂದು ಹೊಲಿದಿಟ್ಟಿದ್ದ ಕೌದಿಯ ಸುತ್ತ ಟೇಪು ಹಿಡಿದೆ, ಪಟ್ಟಿಗೆ ಹಿಡಿದೆ, ಸಾಲುತ್ತದೆ ಅನ್ನಿಸಿತು. ಕಾಫಿ ಕುಡಿದು ಬಂದು ಮತ್ತೆ ಹಿಡಿದೆ.

"ಇನ್ನೊಂದ್ಸಲ ಅಳತೆ ಮಾಡು," ಎಂದರು ಬಾಗಿಲಲ್ಲಿ ನಿಂತ ಯಜಮಾನರು. "ನೀನು ಕಾಫಿ ಕುಡಿಯೋವಾಗ ಕೌದಿ ಬೆಳೆದಿದ್ರೆ?"

"ನಿಮಗೆ ತಮಾಷೆ. ಸಾಲದಿದ್ರೆ ಅಮ್ಮನ ಸೀರೆ ಇನ್ನೆಲ್ಲಿಂದ ತರೋದು ಹೇಳಿ."

ಅವರು ಒಳಗೆ ಬಂದರು. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು.

ಹೊಲಿಯಲು ಕುಳಿತಾಗ ನನ್ನ ಭಯವೇ ನಿಜವಾಗತೊಡಗಿತು. ಒಂದೊಂದು ಮೂಲೆ ತಿರುಗುವಾಗಲೂ ಪಟ್ಟಿ ಮಡಿಕೆಯೊಳಗೆ ಒಂದಿಷ್ಟು ನುಂಗಿಹೋಗುತ್ತದೆ. ನಾಲ್ಕನೆಯ ಮೂಲೆ ದಾಟುವ ಹೊತ್ತಿಗೆ ಕೈಯಲ್ಲಿ ಉಳಿದದ್ದನ್ನು ನೋಡಿ ಕಾಲು ಪೆಡಲಿನ ಮೇಲೇ ನಿಂತಿತು. ಬೇರೆ ಹಸಿರು ತುಂಡು ಸೇರಿಸಬಹುದಿತ್ತು. ಸೇರಿಸುವುದಿಲ್ಲ ಎಂದುಕೊಂಡೆ. ಬಟ್ಟೆ ಬಿಗಿ ಹಿಡಿದು, ಶುರುವಿನಲ್ಲಿ ಬಿಟ್ಟಿದ್ದ ಬಾಲವನ್ನು ಎಳೆದು, ಎರಡು ತುದಿಗಳನ್ನೂ ಒಂದರ ಮೇಲೊಂದು ತಂದು ಹೊಲಿದೇಬಿಟ್ಟೆ. ಕೂಡಿತು! ಒಂದು ನೂಲಿನಷ್ಟು ಕಡಿಮೆಯಿದ್ದರೂ ಕೂಡುತ್ತಿರಲಿಲ್ಲ.

ಆಮೇಲೆ ಕೌದಿಯನ್ನು ಬಿಡಿಸಿ ನೋಡಲಿಲ್ಲ. ಬಿಡಿಸಿ ನೋಡಿದರೆ ಏನಾದರೊಂದು ತಪ್ಪು ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬ ಹೆದರಿಕೆ. ಮಡಿಸಿ, ದಿಂಬಿನ ಕವರಿಗೆ ಹಾಕಿ, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ, ಭಾನುವಾರ ಯಜಮಾನರ ಜೊತೆ ಹಲಸೂರಿನಲ್ಲಿ ಮೆಟ್ರೊ ಹತ್ತಿ, ಕೆ.ಆರ್. ಪುರದವರೆಗೂ ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಅಕ್ಕ ಅದನ್ನು ತೊಟ್ಟಿಲಿಗೆ ಹಾಸಿ, ಹಸಿರು ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸುತ್ತಾ ಬಂದಳು. ಮೂಲೆಯ ಹತ್ತಿರ ಬೆರಳು ನಿಂತಿತು.

"ಏನೇ ಇದು? ಮಗು ಕೌದಿಗೆ ಧೋಬಿ ಗುರುತು ಹಾಕ್ಬಿಟ್ಟಿದೀಯಲ್ಲೇ!"

ನಾನೂ ಬಗ್ಗಿ ನೋಡಿದೆ. ಕತ್ತರಿಸಿ ಬಿಸಾಡಬೇಕಿದ್ದ ತುದಿಯನ್ನೇ ಎಳೆದು ಎಲ್ಲರಿಗೂ ಕಾಣುವಂತೆ ಹೊಲಿದಿದ್ದೆ.

"ಒಳ್ಳೇದೇ ಆಯ್ತು ಬಿಡಿ ಅತ್ತಿಗೆ," ಎಂದರು ನಮ್ಮವರು. "ಕಳೆದುಹೋದ್ರೂ ಇಲ್ಲಿಗೇ ವಾಪಸ್ ಬರ್ತಾಳೆ."

"ಉದ್ದ ಸಾಲ್ಲಿಲ್ಲ ಅಕ್ಕ. ನಾನು ಅದನ್ನ ನೋಡ್ಲೇ ಇಲ್ಲ..."

ಅಕ್ಕ ಕನ್ನಡಕ ಏರಿಸಿ ಬಗ್ಗಿದಳು. "ತಾಳು. ಇದು ನಮ್ಮನೇದಲ್ವೇನೇ? ಕ್ವಾರ್ಟರ್ಸಿಂದು?"

"ಹೂಂ."

ಆ ಮೂಲೆಯನ್ನು ಕಾಲಿನ ಕಡೆಗೆ ಮರೆಮಾಡುತ್ತಾಳೆ ಅಂದುಕೊಂಡೆ. ಅವಳು ಕೌದಿಯನ್ನು ತಿರುಗಿಸಿ ಅದನ್ನು ತಲೆಯ ಪಕ್ಕಕ್ಕೆ ತಂದು ಮಗುವನ್ನು ಮಲಗಿಸಿದಳು. ಶೋಭಾನೆ ಮುಗಿಯುವುದರೊಳಗೆ ಮಗು ಸರಿಯಾಗಿ ಅಲ್ಲೇ ಹಾಲು ಕಕ್ಕಿತು. ಅಕ್ಕ ಒದ್ದೆ ಬಟ್ಟೆ ತಂದು ತಿಕ್ಕಿದಳು. ಹಾಲು ಹೋಯಿತು. ಗೆರೆ, ಮೂರು ಚುಕ್ಕೆ ಹೋಗಲಿಲ್ಲ.